ಕಮಾನಿನೊಳಗಿನ ಕೊಳಲು

ಈ ಸೀಮೆಯಲ್ಲಿ ನೀರಿಗಿಂತ ಮುಂಚೆ ಕೂಗು ಬರುತ್ತದೆ. ಮದ್ದೂರಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಗದ್ದೆಯ ಕಡೆಯಿಂದ ಒಂದು ಗಂಡು ದನಿ "ನೀರೋ... ನೀರ್ ಬಂತೋ..." ಎಂದು ಎಳೆದು ಕೂಗಿತು. ಹಿಂದೆಯೇ ಒಂದು ಹೆಣ್ಣು ದನಿ, ಇನ್ನೂ ದೂರದಲ್ಲಿ ಮತ್ತೊಂದು. ಎಳೆದ ಮಾತು ನನಗೆ ತಿಳಿಯಲಿಲ್ಲ; ಯಾರನ್ನೋ ಕಡಿದು ಹಾಕಿದರೆಂದು ನಾನು ಚೆಂಬು ಬಿಟ್ಟು ಒಳಗೆ ಓಡಿದೆ. ನನ್ನ ಹೆಂಡತಿ ಸುಮಿತ್ರಾ ಕದದ ಅಗುಳಿ ಹಾಕಿದಳು. ಪಕ್ಕದ ಮನೆಯ ನಿಂಗಮ್ಮ ಬಿದ್ದು ಬಿದ್ದು ನಕ್ಕಳು.

"ನಾಲೆಗೆ ನೀರ್ ಬುಟ್ಟವ್ರೆ ಕಣವ್ವ. ಕದ ಹಾಕ್ಕಂಡ್ರೆ ನಿಂತ್ಕಂಡದಾ?"

ನಮ್ಮ ಧಾರವಾಡದ ಕಾಲುವೆ ಇಲ್ಲಿ ನಾಲೆ. ಅದರಲ್ಲಿ ದಿನವೂ ನೀರಿರುವುದಿಲ್ಲ, ಸರದಿಯ ಮೇಲೆ ಬಿಡುತ್ತಾರೆ. ನೀರು ಹಂಚುವವನಿಗೆ ನೀರುಗಂಟಿ ಎನ್ನುತ್ತಾರೆ. ನೀರು ಬಂದಾಗ ಮೇಲಿನಿಂದ ಅವನು ಕೂಗುತ್ತಾನೆ, ಕೇಳಿದವರು ಮುಂದಿನವರಿಗೆ ದಾಟಿಸಬೇಕು. ಒಣಗಿದ ನಾಲೆಯಲ್ಲಿ ದನ ಮೇಯಿಸುವವರು, ಹುಲ್ಲು ಕೊಯ್ಯುವವರು ದಡ ಹತ್ತಲಿ ಎಂದು. ಕೇಳಿಯೂ ಸುಮ್ಮನಿದ್ದವನನ್ನು ಊರು ಮನುಷ್ಯನೆಂದು ಎಣಿಸುವುದಿಲ್ಲ. ಎರೆಹೊಲದಲ್ಲಿ ನಿಂತು ಆಕಾಶ ನೋಡಿಯೇ ನೀರಿನ ಸುದ್ದಿ ತಿಳಿಯುವ ನಮಗೆ ಇದು ಬೇರೆಯೇ ಲೋಕ.

ನಾನು ಬಂದದ್ದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಲು. ಸಿಕ್ಕಿದ ಮನೆಯ ಗೋಡೆ ವರ್ಷವಿಡೀ ಒದ್ದೆ. ಸೊಳ್ಳೆ, ಚಳಿಜ್ವರ, ಕ್ವಿನೈನಿನ ಕಹಿ. ರೊಟ್ಟಿ ತಟ್ಟೋಣವೆಂದರೆ ಜೋಳವಿಲ್ಲ. ಇಲ್ಲಿಯವರು ಪ್ರೀತಿಯಿಂದ ಆಡುವ "ಲಾ", "ಲೇ" ನಮ್ಮ ಕಿವಿಗೆ ಜಗಳದಂತೆ ಬೀಳುತ್ತಿತ್ತು. ಸುಮಿತ್ರಾ ಹೊರಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು.

ಅವಳ ಬಾಯಿ ತೆರೆಸಿದವರು ಸ್ವಾಮಿದಾಸರು. ಮೈಸೂರಿನಲ್ಲಿ ಬ್ಯಾಂಡಿನ ಕೊಳಲುಗಾರರಾಗಿದ್ದು ನಿವೃತ್ತರಾದವರು, ತಾವೇ ಸಂಗೀತ ರಚಿಸುವವರು. ನಾವು ಮೊದಲು ಕೇಳಿದ್ದು ಕೊಳಲು ಮತ್ತು ಎರಡು ಪಿಟೀಲಿಗೆ ಅವರು ಮಾಡಿದ ಪುಟ್ಟ ಕೃತಿ. ಕೊಕ್ಕರೆ ಬೆಳ್ಳೂರಿನ ಮರದ ಮೇಲೆ ಹಕ್ಕಿಗಳು ಕೊಕ್ಕು ಕುಟ್ಟುವ ಸದ್ದನ್ನು ಪಿಟೀಲಿನ ತಂತಿಯ ಮೇಲೆ ಬಿಲ್ಲಿನ ಕಡ್ಡಿಯಿಂದ ತಟ್ಟಿಸಿದ್ದರು. ಆಮೇಲೆ ಕೊಳಲಿನ ಜೊತೆ ಹಲವು ಕಂಠಗಳ ಹಾಡು ಕಟ್ಟತೊಡಗಿದರು. ಮೇಷ್ಟ್ರುಗಳು, ನಾಟಿ ಹಾಕುವ ಹೆಂಗಸರು, ಸುಮಿತ್ರಾ ಎಲ್ಲರೂ ಒಂದೇ ಮೇಳ. ನಿಂಗಮ್ಮ ಅವಳನ್ನು "ನಮ್ ಧಾರ್ವಾಡ" ಎಂದು ಕರೆಯಲು ಶುರುಮಾಡಿದಳು. ಅಂದು ಸುಮಿತ್ರಾ ಮನೆಯಲ್ಲಿ ಹಬ್ಬದಡುಗೆ ಮಾಡಿದಳು.

ಸ್ವಾಮಿದಾಸರ ಹೊಸ ರಚನೆ ನೀರಿನ ಕೂಗಿನ ಮೇಲೆಯೇ. ಅವರು ನಿಂಗಮ್ಮನಿಂದ ಮತ್ತೆ ಮತ್ತೆ ಕೂಗಿಸಿ ಸ್ವರ ಬರೆದುಕೊಂಡರು.

"ನಮ್ ಕೂಗ್ನ ಕಾಗ್ದದ್ ಮ್ಯಾಲೆ ಬರ್ಕಂಡು ಏನ್ ಮಾಡೀರಿ ಮೇಷ್ಟ್ರೆ? ಗದ್ದೆಗೆ ಕಟ್ಟೀರಾ?"

"ನೀನು ಕೂಗು ತಾಯಿ. ಕಟ್ಟೋ ಕೆಲಸ ನಂದು."

ಮಳವಳ್ಳಿಯ ರಸ್ತೆ ನಾಲೆಯನ್ನು ದಾಟುವಲ್ಲಿ, ರಸ್ತೆಯ ಅಡಿಗೆ, ಉದ್ದನೆಯ ಕಲ್ಲಿನ ಕಮಾನಿದೆ; ನಾಲೆ ಅದರೊಳಗೇ ಹಾಯುತ್ತದೆ. ಕೊಳಲಿನ ಕೆಳಸ್ವರ ಅದರೊಳಗೆ ಮಾತ್ರ ಸರಿಯಾಗಿ ತುಂಬಿಕೊಳ್ಳುತ್ತದೆ ಎಂದು ಅವರು ಅಭ್ಯಾಸವನ್ನು ಅಲ್ಲಿಗೇ ಒಯ್ದರು. ನಾಲೆ ಒಣಗಿತ್ತು, ನೀರಿನ ಸರದಿಗೆ ಇನ್ನೂ ಎರಡು ದಿನವಿತ್ತು. ಸುಮಿತ್ರಾ ತೀರ ಒಳಗೆ, ಕೊಳಲಿನ ಪಕ್ಕದಲ್ಲಿ. ನಾನು ಗಂಡಸರ ಸಾಲಿನಲ್ಲಿ, ಕಮಾನಿನ ಬಾಯಲ್ಲಿ. ನಿಂಗಮ್ಮ ಮೇಲೆ ಕಬ್ಬಿನ ಗದ್ದೆಯಂಚಿನಲ್ಲಿ ಒಬ್ಬಳೇ. ಕೊಳಲು ಕೆಳಸ್ವರಕ್ಕೆ ಇಳಿದು ನಿಂತಾಗ ಅವಳು ದೂರದಿಂದ ಕೂಗಬೇಕು, ಒಳಗಿನ ಕಂಠಗಳು ಒಂದೊಂದಾಗಿ ಅದನ್ನು ದಾಟಿಸಬೇಕು. ಇದು ರಚನೆಯ ಕ್ರಮ.

ಕೊಳಲು ಇನ್ನೂ ಇಳಿಯುತ್ತಿರುವಾಗಲೇ, ಗಂಡೋ ಹೆಣ್ಣೋ ತಿಳಿಯದಷ್ಟು ದೂರದಿಂದ ಕೂಗು ಕೇಳಿಸಿತು. ಸ್ವಾಮಿದಾಸರು ಹುಬ್ಬು ಗಂಟಿಕ್ಕಿದರು. ನಿಂಗಮ್ಮ ತಾಳ ತಪ್ಪಿ ಮುಂಚೆ ಬಂದಳೆಂದು ನಾವೆಲ್ಲ ತಿಳಿದೆವು. ಆದರೆ ಅದು ನೀರುಗಂಟಿಯ ಕೂಗು. ಮೇಲಿನ ತೂಬನ್ನು ಅಂದೇ ಯಾಕೆ ಎತ್ತಿದರೋ ಇವತ್ತಿಗೂ ನನಗೆ ತಿಳಿದಿಲ್ಲ. ಅದನ್ನು ಕೇಳಿ ನಿಂಗಮ್ಮ ನಿಜವಾಗಿಯೇ ಕೂಗಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಕೂಗಿರಲಿಲ್ಲ. ಸ್ವಾಮಿದಾಸರ ಮುಖ ಅರಳಿತು. ಒಳಗಿನ ಹೆಂಗಸರು ದಾಟಿಸಿದರು. ಸುಮಿತ್ರಾ ಕಣ್ಣು ಮುಚ್ಚಿ ಹಾಡುತ್ತಿದ್ದಳು, "ನೀರ್ ಬಂತೋ..." ಎಂದು. ಬದುಕಿನುದ್ದಕ್ಕೂ ಆ ಕೂಗು ಕೇಳಿ ದಡ ಹತ್ತಿದವರು ಅಂದು ನಿಂತಲ್ಲೇ ನಿಂತು ಅದಕ್ಕೆ ಸ್ವರ ಕೂಡಿಸುತ್ತಿದ್ದರು.

ನಿಂಗಮ್ಮ ಮತ್ತೆ ಕೂಗಿದಳು. ಮತ್ತೆ. ರಚನೆಯಲ್ಲಿ ಅಷ್ಟು ಸಲ ಇರಲಿಲ್ಲ. ಕಮಾನಿನ ಆಚೆ ಬಾಯಿಂದ ತಣ್ಣನೆಯ ಗಾಳಿ, ನೆನೆದ ಧೂಳಿನ ವಾಸನೆ ಬಂದವು. ನನ್ನ ಕಾಲ ಬಳಿ ಏಡಿಗಳು ಗೋಡೆ ಹತ್ತುತ್ತಿದ್ದವು.

"ಆಡ್ತಾ ನಿಂತವ್ರೆ, ಮನೆಹಾಳ್ರು!" ನಿಂಗಮ್ಮ ದಡದಿಂದ ಜಾರಿಕೊಂಡು ಬಂದಳು. "ಎದ್ ಬನ್ರಲೇ! ದಿಟ್ವಾಗ್ಲೂ ನೀರು ಕಣ್ರಲೇ!"

ಪಾದಕ್ಕೆ ಬಂದ ನೀರು ಮಂಡಿಗೆ ಬರಲು ಹೊತ್ತು ಹಿಡಿಯಲಿಲ್ಲ. ನಾನು ಒಳಗೆ ನುಗ್ಗಲು ನೋಡಿದರೆ ಹೊರಬರುವವರು ನನ್ನನ್ನು ಹಿಂದಕ್ಕೆ ತಳ್ಳಿದರು. ಸುಮಿತ್ರಾಳ ಸೀರೆ ಕಾಲಿಗೆ ಸುತ್ತಿಕೊಂಡು ಅವಳು ಮುಗ್ಗರಿಸಿದಳು. ಅವಳ ಮುಖ ನೀರಿನೊಳಗೆ ಹೋದದ್ದನ್ನು ನಾನು ಕಂಡೆ. ಕೈ ಚಾಚಿದೆ, ಎಟುಕಲಿಲ್ಲ. ನಿಂಗಮ್ಮ ಅವಳ ಜಡೆ ಹಿಡಿದು, ಎಮ್ಮೆ ಎಳೆದಂತೆ ಎಳೆದು ದಡಕ್ಕೆ ಹಾಕಿದಳು. ಕೊನೆಗೆ ಬಂದ ಸ್ವಾಮಿದಾಸರ ಕೈ ಬರಿದಾಗಿತ್ತು. ಕೊಳಲು ಹೋಗಿತ್ತು.

ಯಾರೂ ಸಾಯಲಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಳ್ಳುತ್ತೇನೆ. ಆದರೂ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಆ ಮುಖ ಮತ್ತೆ ನೀರಿಗಿಳಿಯುತ್ತದೆ, ನನ್ನ ಕೈ ಮತ್ತೆ ಎಟುಕುವುದಿಲ್ಲ. ಸ್ವಾಮಿದಾಸರು ಬೇರೆ ಕೊಳಲು ತಂದು, ಆ ರಚನೆಯನ್ನು ಶಾಲೆಯ ಹಜಾರದಲ್ಲಿ ಹಾಡಿಸಿದರು. ಕೂಗು ಇದ್ದ ಜಾಗದಲ್ಲಿ ಈಗ ಕೊಳಲೂ ಸುಮ್ಮನಾಗುತ್ತದೆ. ಆ ಮೌನದಲ್ಲಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

ಊರಿಗೆ ಮರಳೋಣವೆಂದು ಹೇಳಿದವನು ನಾನು. ಸದ್ಯಕ್ಕೆ ರಜೆಗೆಂದು ಧಾರವಾಡಕ್ಕೆ ಹೋದೆವು. ರೊಟ್ಟಿ, ಒಣಗಿದ ಗೋಡೆ, ನಮ್ಮ ಮಾತು. ಇನ್ನು ಹೆದರಬೇಕಿಲ್ಲ ಎಂದುಕೊಂಡೆ. ಒಂದು ಸಂಜೆ ದೊಡ್ಡ ಮಳೆ ಹೊಯ್ದು, ಮೇಲಿನ ಓಣಿಯ ನೀರೆಲ್ಲ ನಮ್ಮ ಮನೆಯ ಮುಂದಿನ ಚರಂಡಿಗೆ ನುಗ್ಗಿತು. ಸುಮಿತ್ರಾ ಕಟ್ಟೆಯ ಮೇಲೆ ನಿಂತು "ನೀರೋ... ನೀರ್ ಬಂತೋ..." ಎಂದು ಕೂಗಿದಳು. ಓಣಿಯಲ್ಲಿ ಕದಗಳು ದಡಬಡ ಮುಚ್ಚಿದವು. ಅವಳ ಅತ್ತೆ, ನನ್ನ ತಾಯಿ, ಹೆದರಿ ಹೊರಗೆ ಬಂದರು.

"ಯಾಕ ಒದರ್ತೀಯವ್ವಾ? ಏನಾತು?"

"ಕೇಳಿದವ್ರು ಸುಮ್ಮನ ನಿಂದ್ರಬಾರದವ್ವಾ," ಎಂದು ಅವಳು ಕಿವಿಗೊಟ್ಟು ನಿಂತಳು, ಮುಂದಿನವರು ಯಾರಾದರೂ ದಾಟಿಸುವರೇ ಎಂದು.

ನಮ್ಮಿಬ್ಬರಿಗೂ ತಲೆ ಕೆಟ್ಟಿದೆಯೆಂದು ಓಣಿಯವರು ಅಂದುಕೊಂಡಿರಬಹುದು; ಇದನ್ನು ಬರೆಯಲು ಅದೂ ಒಂದು ಕಾರಣ. ಅಷ್ಟರಲ್ಲಿ ನನ್ನ ಕಾಲೂ ನನ್ನನ್ನು ಕೇಳದೆ ಕಟ್ಟೆ ಹತ್ತಿತ್ತು. ಯಾರೂ ದಾಟಿಸದಿದ್ದುದರಿಂದ ನಾನೇ ಕೂಗಿದೆ. ಮದ್ದೂರಿನಲ್ಲಾದರೆ ಅದು ಕಬ್ಬಿನ ಗದ್ದೆ ದಾಟಿ ಮುಂದಿನ ಊರು ಮುಟ್ಟುತ್ತಿತ್ತು. ನಮ್ಮ ಓಣಿಯಲ್ಲಿ ಅದು ನಮ್ಮಿಬ್ಬರ ನಡುವೆಯೇ ನಿಂತಿತು.