ಶೇಂಗಾ ಸಿಪ್ಪೆಗೆ ಬೆಲೆ ಬಂದ ವರ್ಷ

ನನ್ನನ್ನು ಹೊನ್ನಾಳಿಗೆ ಕೊಟ್ಟಾಗ ತವರಿನ ಓಣಿಯವರಿಗೆಲ್ಲ ಒಂದೇ ಸಮಾಧಾನ: ಹುಡುಗಿ ಹೊಳೆ ಇರುವ ಊರಿಗೆ ಹೋಗುತ್ತಿದ್ದಾಳೆ, ಇನ್ನು ಕೊಡ ಹೊತ್ತು ಅಲೆಯುವುದು ತಪ್ಪಿತು. ಜಗಳೂರಿನ ಕಡೆಯ ಹಳ್ಳಿಯವರಿಗೆ ನೀರಿಗಿಂತ ದೊಡ್ಡ ಸಿರಿ ಕಾಣುವುದಿಲ್ಲ. ನೀರಿನ ಮಟ್ಟಿಗೆ ಅವರ ಮಾತು ಸುಳ್ಳಾಗಲಿಲ್ಲ. ಆದರೆ ನಾನು ಸೊಸೆಯಾಗಿ ಹೋದದ್ದು ಮಂಡಕ್ಕಿ ಭಟ್ಟಿಯವರ ಮನೆಗೆ. ಅಲ್ಲಿ ಬೆಳಗಾದರೆ ಮಾತೆಲ್ಲ ಬೆಂಕಿಯದೇ.

ಮನೆಯ ಹಿಂದೆ ತಗಡಿನ ಚಪ್ಪರ, ಅದರ ಕೆಳಗೆ ಮಣ್ಣಿನ ದೊಡ್ಡ ಒಲೆ, ಒಲೆಯ ಮೇಲೆ ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಕಾದು ಕಾದು ಕಪ್ಪಾದ ಹೊಳೆಮರಳು. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಮಾವ ಆ ಮರಳಿಗೆ ಸುರಿದು ಕೈಯಾಡಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗೆ ಅರಳುತ್ತಿತ್ತು. ನೋಡುವವರಿಗೆ ಅದು ಮಾವನ ಕೈಚಳಕ. ಒಲೆಯ ಬಾಯಿಯ ಎದುರು ಕುಕ್ಕರಗಾಲಲ್ಲಿ ಕೂತ ಅತ್ತೆಯನ್ನು ಯಾರೂ ನೋಡುತ್ತಿರಲಿಲ್ಲ. ನಮ್ಮ ಉರುವಲು ಭತ್ತದ ಹೊಟ್ಟು. ಅದನ್ನು ಸೌದೆಯಂತೆ ತುರುಕಿ ಎದ್ದುಹೋಗುವ ಹಾಗಿಲ್ಲ. ಹಿಡಿ ಹಿಡಿಯಾಗಿ ಎರಚುತ್ತಲೇ ಇರಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಮರಳು ತಣ್ಣಗಾಗಿ ಅಕ್ಕಿ ಹಲ್ಲಿಗೆ ಕಟಕ್ಕೆನ್ನುತ್ತದೆ. ನನ್ನನ್ನು ಮೊದಲ ಸಲ ಆ ಜಾಗದಲ್ಲಿ ಕೂರಿಸಿದ ದಿನ ನಾನು ಮದುವೆ ಮಾಡಿಸಿದವರನ್ನೆಲ್ಲ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಆ ಹೊಟ್ಟಿಗೆ ಆಗ ಬೆಲೆಯೇ ಇರಲಿಲ್ಲ. ರೈಸ್ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುತ್ತಿತ್ತು. ಮಿಲ್ಲಿನವರೇ ಹೇಳಿ ಕಳಿಸುತ್ತಿದ್ದರು, ಗಾಳಿಗೆ ಹಾರಿ ಕಣ್ಣಿಗೆ ಬೀಳ್ತೈತೆ, ಬಂದು ಹೊತ್ಕೊಂಡು ಹೋಗ್ರಿ ಅಂತ. ನಮ್ಮ ವ್ಯಾಪಾರದಲ್ಲಿ ಉಳಿತಾಯ ಅನ್ನುವುದಿದ್ದರೆ ಅದು ಈ ಪುಕ್ಕಟೆ ಬೆಂಕಿಯಲ್ಲೇ ಇತ್ತು.

ನಮ್ಮ ಯಜಮಾನರು ಮಂಡಕ್ಕಿ ಚೀಲಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ನ್ಯಾಮತಿ, ಚನ್ನಗಿರಿ ಸಂತೆಗಳಿಗೆ ಹೋಗುತ್ತಿದ್ದರು. ಭತ್ತದ ರೇಟು ಏರಿದ ವಾರ ಅವರ ಮುಖ ನೋಡುವಂತಿರಲಿಲ್ಲ. ನಾನು ಶೇಂಗಾ ಬೆಳೆಯುವವರ ಮಗಳು. ರೇಟು ಏರಲಿ ಎಂಬುದೊಂದೇ ನಮ್ಮ ಮನೆಯ ದೇವರ ಮುಂದೆ ನಾನು ಕೇಳಿ ಬೆಳೆದ ಬೇಡಿಕೆ. ಈಗ ರೇಟು ಇಳಿಯಲಿ ಎನ್ನುವವರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ರೈತರಿಗೆ ನಾಕು ಕಾಸು ಸಿಕ್ಕರೆ ನಿಮಗ್ಯಾಕ್ರೀ ಹೊಟ್ಟೆಉರಿ?"

"ನನ್ನ ಹತ್ರ ಮಂಡಕ್ಕಿ ತಗೊಳ್ಳೋರು ಯಾರು? ಅದೇ ರೈತ್ರು," ಎಂದರು. "ಅವ್ರ ಭತ್ತಕ್ಕೆ ರೇಟು ಬೇಕು. ನನ್ನ ಮಂಡಕ್ಕಿ ಮಾತ್ರ ಹೋದ ವರ್ಷದ ರೇಟಿಗೇ ಬೇಕು. ಸೇರಿನ ಮೇಲೆ ಗೋಪುರ ಏರಿಸ್ಲಿಲ್ಲ ಅಂದ್ರೆ ಅವ್ರು ಚೀಲ ಮುಂದೆ ಹಿಡಿಯೋದೇ ಇಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆ ಸಿಟ್ಟಿಗೆ ಅವತ್ತಿನ ಸಾರಿಗೆ ಖಾರ ಜಾಸ್ತಿಯಾಯಿತು.

ಎಂಬತ್ತರ ದಶಕ ಶುರುವಾದ ಮೇಲೆ ರೈಸ್ ಮಿಲ್ಲಿನವರು ಭತ್ತ ಬೇಯಿಸಲು ಬಾಯ್ಲರ್ ಹಾಕಿಸಿದರು. ಅದಕ್ಕೆ ಉರುವಲು ಅವರದೇ ಹೊಟ್ಟು. ಮೊದಲು ಅರ್ಧ ಕೊಟ್ಟರು, ಆಮೇಲೆ ಬೆಲೆ ಕಟ್ಟಿದರು, ಕಡೆಗೊಂದು ದಿನ ಇಲ್ಲ ಎಂದರು. ಅವರ ಹೊಟ್ಟು, ಅವರ ಬಾಯ್ಲರ್, ಜಗಳ ಆಡಲು ಜಾಗವೇ ಇರಲಿಲ್ಲ. ಕೊಳ್ಳುವ ಸೌದೆಯಲ್ಲಿ ಹುರಿದರೆ ಮಂಡಕ್ಕಿ ಮಾರಿದಷ್ಟೂ ಲುಕ್ಸಾನು. ಸೀಮೆಎಣ್ಣೆ ಕಾರ್ಡಿನ ಮೇಲೆ ಅಷ್ಟಿಷ್ಟು ಸಿಗುತ್ತಿತ್ತು, ಅದು ದೀಪಕ್ಕೇ ಸಾಲದು. ಊರಿಗೆ ಕರೆಂಟು ಬಂದಿದೆ ಎಂದು ಭಾಷಣ ಮಾಡುವವರು ಮಾಡುತ್ತಿದ್ದರು. ಬಂದಿತ್ತು, ಹೌದು. ಬಲ್ಬಿಗೆ ಬಂದಿತ್ತು, ಪಂಪ್‌ಸೆಟ್ಟಿಗೆ ಬಂದಿತ್ತು. ಹೆಂಗಸರ ಒಲೆಗೆ ಏನು ಬಂತು ಎಂದು ಒಬ್ಬರೂ ಕೇಳಲಿಲ್ಲ.

ಭಟ್ಟಿ ನಿಂತಿತು. ಅತ್ತೆ ಮಾತ್ರ ದಿನಾ ಬೆಳಗ್ಗೆ ಅಭ್ಯಾಸದಂತೆ ತಣ್ಣಗಿನ ಒಲೆಯ ಮುಂದೆ ಹೋಗಿ ಕೂರುತ್ತಿದ್ದರು. ಯಾರದಾದರೂ ಕೂಲಿಗೆ ಹೋಗಬೇಕಾದೀತು ಎಂದು ಮಾವ ಒಮ್ಮೆ ಅಂದಾಗ ಎದ್ದು ಒಳಗೆ ಹೋದರು. ಆ ಹೆಂಗಸಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ, ನಿಜ ಹೇಳುತ್ತೇನೆ. ಆದರೂ ಅವರ ಖಾಲಿ ಕೈ ನೋಡಲು ನನ್ನಿಂದಾಗಲಿಲ್ಲ.

ಆಗ ನನಗೆ ತವರಿನ ಶೇಂಗಾ ಸಿಪ್ಪೆ ನೆನಪಾಯಿತು. ನಮ್ಮೂರಲ್ಲಿ ಶೇಂಗಾ ಒಡೆಯುವ ಮಿಷನ್ ಇತ್ತು. ಬೀಜ ಚೀಲಕ್ಕೆ, ಸಿಪ್ಪೆ ಹಿತ್ತಲಿಗೆ. ಸುಗ್ಗಿಯ ಮೇಲೆ ಮಿಷನ್ ನಿಂತ ದಿನ ಓಣಿಯ ಹೆಂಗಸರು ಬುಟ್ಟಿ ಹಿಡಿದು ಹೋಗಿ ಸಿಪ್ಪೆ ಹೊತ್ತು ತರುತ್ತಿದ್ದರು. ಬೇಕೆಂದಾಗ ಮತ್ತೆ ಹೋಗುತ್ತಿದ್ದರು. ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ನನ್ನ ಅವ್ವ ನಮ್ಮನ್ನೆಲ್ಲ ಸಾಕಿದ್ದು ಆ ಬೆಂಕಿಯಲ್ಲಿ ಸುಟ್ಟ ರೊಟ್ಟಿಯಿಂದಲೇ. ಅಷ್ಟು ದೊಡ್ಡ ಗುಡ್ಡೆ, ಬುಟ್ಟಿಯಲ್ಲಿ ಹೊತ್ತರೆ ಖರ್ಚಾಗುವುದುಂಟೇ ಎಂದುಕೊಂಡು ಮನೆಯಲ್ಲಿ ಹೇಳಿದೆ. ಯಜಮಾನರು ನನ್ನ ಅಣ್ಣನಿಗೆ ಹೇಳಿ ಕಳಿಸಿದರು. ಅಣ್ಣ ಮಿಷನ್ ಸಾಹುಕಾರನನ್ನು ಕೇಳಿದ. ಇಷ್ಟು ದಿನ ಕಸವೆಂದುಕೊಂಡದ್ದಕ್ಕೆ ಗಿರಾಕಿ ಬಂದದ್ದು ಕಂಡು ಆತ ಒಂದು ಗಳಿಗೆ ನಂಬಲಿಲ್ಲವಂತೆ. ಇಡೀ ಗುಡ್ಡೆಗೇ ಬೆಲೆ ಮಾತಾಡಿ ಮುಗಿಸಿದರು.

ಯಜಮಾನರು ಲಾರಿ ತಗೊಂಡು ಹೋದಾಗ ನಾನೂ ಜೊತೆಗೆ ಹೋದೆ, ತವರಿನ ಮುಖ ನೋಡಿದ ಹಾಗಾಗುತ್ತದೆ ಅಂತ. ಹಮಾಲರು ತುಂಬಲು ಶುರು ಮಾಡಿದ್ದರಷ್ಟೇ, ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ನನ್ನ ಅವ್ವ, ಅವಳ ಬೆನ್ನಿಗೆ ಪಕ್ಕದ ಮನೆಯ ದೊಡ್ಡವ್ವ. ದೊಡ್ಡವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಹೊಲವಿಲ್ಲ.

ನಮ್ಮ ಕಡೆ ಆಗ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಹೇಳುವುದೇನಿದ್ದರೂ ಮಗಳ ಕಡೆ ತಿರುಗಿ ಹೇಳಬೇಕು, ಮಗಳು ಗಂಡನಿಗೆ ದಾಟಿಸಬೇಕು. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಲಾ ಎಂಬ ಮಾತೂ ನನ್ನ ಮೂಲಕವೇ ಹೋಗಬೇಕಿತ್ತು, ಅಳಿಯ ಮಾರು ದೂರದಲ್ಲೇ ಕೂತಿದ್ದರೂ. ಅದು ಒಂದು ಬಗೆಯ ತಮಾಷೆಯಾಗಿತ್ತು ನನಗೆ. ಆ ದಿನ ತಮಾಷೆಯಾಗಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. "ಕೇಳವ್ವ ನಿಮ್ಮನೆಯವ್ರನ್ನ. ನಮ್ಮ ಬುಟ್ಟಿ ತುಂಬಾಕೆ ಬಿಡ್ತಾರೋ ಹೆಂಗೆ?"

ಅವರಿಗೆ ಕೇಳಿಸಿತ್ತು. ಆದರೂ ನಾನು ಹೇಳಿದೆ, "ಬುಟ್ಟಿ ತುಂಬ್ಕೊಳ್ಳಬಹುದಾ ಅಂತ ಕೇಳ್ತಿದಾಳೆ."

"ಗುಡ್ಡೆ ಪೂರಾ ಕೊಂಡೀವಿ ಅಂತ ಹೇಳು ಅವ್ರಿಗೆ. ಲಾರಿ ಬಾಡಿಗೆ ತುಂಬಿದ್ರೂ ಅಷ್ಟೇ, ಅರ್ಧ ಆದ್ರೂ ಅಷ್ಟೇ. ಕಡಿಮೆ ಒಯ್ದರೆ ನಮಗೆ ಗಿಟ್ಟಾಕಿಲ್ಲ."

"ಪೂರಾ ಕೊಂಡಿದಾರಂತೆ, ಅವ್ವ," ಎಂದೆ. ಕೊಂಡವರಲ್ಲಿ ನಾನು ಸೇರಿಲ್ಲವೇನೋ ಎಂಬಂತೆ ಬಂತು ಮಾತು.

"ಒಲೆ ಅನ್ನೋದು ಅವ್ರ ಮನೆಯಾಗಷ್ಟೇ ಐತಾ, ಕೇಳು."

ಇದನ್ನು ನಾನು ಸ್ವಲ್ಪ ಮೆತ್ತಗೆ ಮಾಡಿ ದಾಟಿಸಿದೆ. "ಇಲ್ಲೂ ಒಲೆ ಹಚ್ಚಬೇಕಲ್ಲ ಅಂತಾಳೆ." ಮೆತ್ತಗೆ ಮಾಡಿ ಏನು ಬಂತು, ಅವರ ಕಿವಿ ಆಗಲೇ ಕೆಂಪಾಗಿತ್ತು.

"ನಮ್ಮವ್ವ ಒಲೆ ಮುಂದೆ ಬರಿಗೈಲಿ ಕುಂತಾಳೆ ಅಂತ ಹೇಳು," ಎಂದರು. ಅದನ್ನು ನಾನು ಮೆತ್ತಗೆ ಮಾಡಲಿಲ್ಲ, ಹಾಗೇ ಹೇಳಿದೆ. ಕೇಳಿ ಅವ್ವನ ಮುಖ ಇಳಿಯಿತು. ಬರಿಗೈಲಿ ಒಲೆಯ ಮುಂದೆ ಕೂರುವುದು ಎಂದರೇನು ಎಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆಮೇಲೆ ನನ್ನನ್ನೇ ಕೇಳಿದಳು. "ಹೋಗ್ಲಿ, ನೀನೇನಂತೀಯ?"

ನನಗೆ ರೇಗಿಹೋಯಿತು. ಇಬ್ಬರ ಮೇಲೂ ರೇಗಿತು, ಗುಡ್ಡೆ ಮಾರಿ ನೆರಳಲ್ಲಿ ಕೂತಿದ್ದ ಸಾಹುಕಾರನ ಮೇಲೆ ಎಲ್ಲಕ್ಕಿಂತ ಹೆಚ್ಚು ರೇಗಿತು. "ಮಾತು ದಾಟ್ಸೋಳನ್ನ ಏನಂತ ಕೇಳ್ತೀರಿ ನೀವು!" ಎಂದು ಅವ್ವನ ಕೈಯಿಂದ ಬುಟ್ಟಿ ಕಿತ್ತುಕೊಂಡು ಗುಡ್ಡೆಗೆ ನುಗ್ಗಿದೆ. ಅವಳದು ತುಂಬಿದ ಮೇಲೆ ದೊಡ್ಡವ್ವನದು ತುಂಬಿದೆ. ಆಮೇಲೆ ನಿಂತವರೆಲ್ಲರದೂ. ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಯಜಮಾನರು ಲಾರಿಯ ಗಾಲಿಯಲ್ಲಿ ಏನೋ ಕಂಡವರ ಹಾಗೆ ಅದನ್ನೇ ನೋಡುತ್ತ ನಿಂತರು. ಬೇಡ ಎನ್ನಲಿಲ್ಲ. ದಾವಣಗೆರೆ ದಾಟುವ ತನಕ ನನ್ನ ಹತ್ತಿರ ಮಾತೂ ಆಡಲಿಲ್ಲ.

ಹೊನ್ನಾಳಿಯಲ್ಲಿ ಒಲೆ ಮತ್ತೆ ಹತ್ತಿತು. ಅತ್ತೆ ಹೊಟ್ಟಿನ ಲೆಕ್ಕದಲ್ಲೇ ಹಿಡಿ ತುಂಬ ಸಿಪ್ಪೆ ಎರಚಿದರು, ಬೆಂಕಿ ಬುಸ್ಸೆಂದು ಎದ್ದು ಮೊದಲ ಬಾಣಲೆಯ ಮಂಡಕ್ಕಿ ಕರಕಲಾಯಿತು. ಮಾವ ಬೈದರು. ಅತ್ತೆ ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು.

"ನಿನ್ನ ತವರಿನ ಬೆಂಕಿ ಭಾಳ ಜೋರೈತೆ ಕಣವ್ವ, ಥೇಟ್ ನಿನ್ನಂಗೆ," ಎಂದರು.

ನನಗೂ ನಗು ಬಂತು. ಎರಡೇ ದಿನದಲ್ಲಿ ಅವರ ಕೈ ಆ ಬೆಂಕಿಗೆ ಒಗ್ಗಿತು. ಹೊಗೆ ಕಡಿಮೆ, ಕಣ್ಣುರಿ ಕಡಿಮೆ, ಮಂಡಕ್ಕಿ ಮೊದಲಿಗಿಂತ ಬೆಳ್ಳಗೆ. ನ್ಯಾಮತಿಯಲ್ಲಿ ಮೆಣಸಿನಕಾಯಿ ಬಜ್ಜಿ ಮಾಡುವವರು ನಮ್ಮದನ್ನೇ ಕೇಳಿ ಒಯ್ಯತೊಡಗಿದರು. ಮನೆಯಲ್ಲಿ ನನಗೆ ಇದ್ದಕ್ಕಿದ್ದಂತೆ ಗೌರವ ಬಂತು. ಸುಳ್ಳೇಕೆ, ಅದು ನನಗೆ ಇಷ್ಟವಾಯಿತು.

ಇಂಥ ಸುದ್ದಿ ಎಲ್ಲಿ ನಿಲ್ಲುತ್ತದೆ? ಬೇರೆ ಭಟ್ಟಿಯವರು ಹೋದರು, ಇಟ್ಟಿಗೆ ಸುಡುವವರು ಹೋದರು. ಸಿಪ್ಪೆಗೆ ಬೆಲೆ ಬಂತು ಎಂದು ಅಣ್ಣನಿಗೆ ಖುಷಿ, ಒಡೆಸಿದ ಶೇಂಗಾದ ಸಿಪ್ಪೆಯ ದುಡ್ಡಲ್ಲಿ ಬೆಳೆದವನಿಗೂ ಒಂದು ಪಾಲು ಸಿಕ್ಕೀತು ಅಂತ. ಆ ಪಾಲು ಬೆಳೆದವನ ಮನೆಗೆ ಬಂದದ್ದನ್ನು ನಾನಂತೂ ಕಾಣೆ.

ಮುಂದಿನ ನಾಗರಪಂಚಮಿಗೆ ಒಂದು ಚೀಲ ಮಂಡಕ್ಕಿ ಹೊರಿಸಿಕೊಂಡು ತವರಿಗೆ ಹೋದೆ. ಬಸ್ಸಿಳಿದು ಬರುವಾಗ ಮಿಷನ್ನಿನ ಹಿತ್ತಲಿಗೆ ಜಾಲಿ ಮುಳ್ಳಿನ ಬೇಲಿ ಬಿದ್ದದ್ದು ಕಂಡಿತು. ಮುಂದಿನ ಸುಗ್ಗಿಯ ಸಿಪ್ಪೆಗೂ ಯಾರೋ ಆಗಲೇ ಮುಂಗಡ ಕೊಟ್ಟಿದ್ದರು. ಹೊಲದಲ್ಲಿ ಶೇಂಗಾ ಇನ್ನೂ ಹೂವಿನಲ್ಲಿತ್ತು.

ಮನೆಯಲ್ಲಿ ಉರುವಲೆಂದರೆ ಒಂದಿಷ್ಟು ತೊಗರಿ ಕಟ್ಟಿಗೆ, ಒಂದಿಷ್ಟು ಕುಳ್ಳು. ಸೆಗಣಿಯನ್ನೆಲ್ಲ ಕುಳ್ಳು ತಟ್ಟಿ ಉರಿಸಿದರೆ ಹೊಲಕ್ಕೆ ಗೊಬ್ಬರ ಎಲ್ಲಿಂದ ತರಲಿ ಎಂದು ಅಣ್ಣ ಗೊಣಗುತ್ತಿದ್ದ. ಹೊಲಕ್ಕೆ ಹಾಕಿದರೆ ಒಲೆಗೆ ಏನಿಡಲಿ ಎಂದು ಅವ್ವ. ಹಾಗಾಗಿ ಓಣಿಯ ನಾಲ್ಕು ಮನೆಯವರು ಸೇರಿ ಪಾಳಿ ಮಾಡಿಕೊಂಡಿದ್ದರು. ಇರುವ ಉರುವಲನ್ನೆಲ್ಲ ಒಟ್ಟು ಮಾಡಿ ದಿನಕ್ಕೊಂದು ಮನೆಯಲ್ಲಿ ಒಲೆ ಹಚ್ಚುವುದು. ಪಾಳಿ ಯಾರದೋ ಅವರ ರೊಟ್ಟಿ ಮೊದಲು, ಉಳಿದವರದು ಆಮೇಲೆ, ಬೆಂಕಿ ಇರುವ ತನಕ.

ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹೆಂಚು ಇಡುವುದಿಲ್ಲ. ರೊಟ್ಟಿಯೆಲ್ಲ ಹಿಂದಿನ ದಿನವೇ ಆಗಬೇಕು. ವರ್ಷದಲ್ಲಿ ಎಲ್ಲರಿಗೂ ಒಟ್ಟಿಗೇ ಬೆಂಕಿ ಬೇಕಾಗುವ ದಿನ ಅದೊಂದೇ. ಆ ದಿನದ ಪಾಳಿ ನಮ್ಮ ಮನೆಗೆ ಬಂದಿತ್ತು. ಅವ್ವ ಹಿಟ್ಟು ತಟ್ಟಿದಳು, ನಾನು ಬೇಯಿಸಿದೆ, ರೊಟ್ಟಿಯ ಅಟ್ಟಿ ಎತ್ತರವಾಯಿತು. ಉಳಿದ ಮನೆಯವರೂ ತಮ್ಮದು ಮುಗಿಸಿಕೊಂಡು ಹೋದರು. ಒಲೆಯಲ್ಲಿ ಬೂದಿಯ ಕೆಳಗಿನ ಕೆಂಡವಷ್ಟೇ ಉಳಿದಾಗ ದೊಡ್ಡವ್ವ ಹಿಟ್ಟಿನ ಪರಾತ ಹಿಡಿದು ಬಂದಳು.

"ಇಷ್ಟೊತ್ತಿಗಾ ಬರೋದು? ಮೊದ್ಲೇ ಬರಾಕೆ ಏನಾಗಿತ್ತು ನಿಂಗೆ?" ಎಂದೆ.

ಅವ್ವ ನನ್ನನ್ನು ಗದರಿದಳು. "ಸುಮ್ನಿರೇ. ಇವತ್ತು ಪಾಳಿ ಅವಳದು. ಮಗಳು ಬರ್ತಾಳೆ ಅಂತ ನಮಗೆ ಬಿಟ್ಟುಕೊಟ್ಟು ತಾನು ಕಡೆಗೆ ಉಳಿದಾಳೆ."

ಅವ್ವ ನಮ್ಮ ಅಟ್ಟಿಯಿಂದ ಕೆಲವು ರೊಟ್ಟಿ ತೆಗೆದು ಅವಳ ಪರಾತಕ್ಕೆ ಹಾಕಲು ಹೋದರೆ ದೊಡ್ಡವ್ವ ಕೈ ಅಡ್ಡ ಹಿಡಿದಳು. ಹಬ್ಬದ ರೊಟ್ಟಿ ತನ್ನದು ತಾನೇ ಸುಡಬೇಕು ಎಂಬ ಹಟ.

"ಯಾಕೆ ಬಿಟ್ಟುಕೊಟ್ಟೆ ದೊಡ್ಡವ್ವ?" ಎಂದು ಕೇಳಿದೆ.

"ಆವತ್ತು ಲಾರಿ ಬಂದಾಗ ನನ್ನ ಬುಟ್ಟಿ ತುಂಬಿದೋಳು ನೀನಲ್ಲೇನವ್ವ," ಎಂದಳು.

ಅವಳ ಮುಖದಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಕೆಂಡ ಕೆದಕಿ, ಬಗ್ಗಿ ಊದಿ ಊದಿ, ಹೆಂಚಿನ ಮೇಲೆ ರೊಟ್ಟಿ ಹಾಕಿದಳು. ಒಂದು ಮಗ್ಗುಲು ಹೇಗೋ ಬೆಂದಿತು. ತಿರುವಿ ಹಾಕಿದ ಮೇಲೆ ಕಾವು ಸಾಲಲಿಲ್ಲ. ಬಹಳ ಹೊತ್ತು ಕಾದಳು. ಆಮೇಲೆ ಹಸಿ ಮಗ್ಗುಲು ಒಳಗೆ ಬರುವಂತೆ ಮಡಿಚಿ ಸೆರಗಿನಲ್ಲಿ ಇಟ್ಟುಕೊಂಡು ಮನೆಗೆ ಹೋದಳು.