ಶೋರೂಮ್ ಗೋಡೆಯ ಮೇಲೆ ನಗುತ್ತಿರುವವನು

ಹೊಟ್ಟೆ ಉರಿಯುತ್ತಿದೆ ಸ್ನೇಹಿತರೇ. ನನ್ನ ಎಸ್‌ಯುವಿ ಇವತ್ತು ಕನಕಪುರ ಪೇಟೆಯ ನಡುವೆ ಮತ್ತೆ ಕೆಟ್ಟು ನಿಂತಿತು. ಪಕ್ಕದ ಮನೆಯ ಇಮ್ತಿಯಾಜ್ ಅದೇ ಮಾಡೆಲ್ ಗಾಡಿಯಲ್ಲಿ ರೇಷ್ಮೆಗೂಡಿನ ಮೂಟೆ ತುಂಬಿಕೊಂಡು ಊರೂರು ಸುತ್ತುತ್ತಾನೆ, ಒಂದು ದಿನವೂ ಕೈಕೊಟ್ಟಿಲ್ಲ. ನನ್ನದನ್ನು ಮಾತ್ರ ಹಗ್ಗ ಕಟ್ಟಿ ಶೋರೂಮಿಗೆ ಎಳೆಸಿಕೊಂಡು ಹೋದೆ.

"ಗಾಡಿ ಸರಿಯಾಗೇ ಐತೆ ಸಾರ್, ನೀವು ಓಡ್ಸೋದೇ ಸರಿಯಿಲ್ಲ," ಅಂದ ಸರ್ವಿಸ್ ಮ್ಯಾನೇಜರ್. "ಬ್ಯಾರೆಯವ್ರೆಲ್ಲ ಎಷ್ಟು ಖುಷಿಯಾಗವ್ರೆ, ಗೋಡೆ ಕಡೆ ಒಸಿ ನೋಡಿ."

ನೋಡಿದೆ. 'ನಮ್ಮ ಸಂತೃಪ್ತ ಗ್ರಾಹಕರು' ಎಂಬ ಫೋಟೋಗಳ ಸಾಲಿನಲ್ಲಿ, ಗಾಡಿ ತೆಗೆದುಕೊಂಡ ದಿನ ಕೊಟ್ಟ ರಟ್ಟಿನ ದೊಡ್ಡ ಕೀ ಹಿಡಿದು ನಿಂತಿದ್ದವನು ನಾನೇ!

"ಮೊದ್ಲು ಅದನ್ನ ಕಿತ್ತಾಕ್ರೀ!" ಎಂದು ಕೂಗಾಡಿದೆ.

"ಇರ್ಲಿ ಬುಡಿ ಸಾರ್, ಅದ್ರಲ್ಲಿ ಎಷ್ಟು ಚೆಂದಾಗಿ ನಗ್ತಾ ಇದ್ದೀರ."

ಗೋಡೆಯ ಮೇಲಿರುವವನು ಈಗಲೂ ನಗುತ್ತಿದ್ದಾನೆ. ನಾನು ಹಾರೋಹಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಇದನ್ನು ಬರೆಯುತ್ತಿದ್ದೇನೆ.