ಸುಮತಿ ಮೇಡಂ ಕಾಣಿಸಿದ ಕತ್ತಲೆ

ಸುಮತಿ ಮೇಡಂ ಮಂಜುಗಡ್ಡೆಯ ಡಬ್ಬಿಯ ಮುಂದೆ ಕಣ್ಣು ಮುಚ್ಚಿ ಕೂತರೆ ಪೂಜೆಗೆ ಕೂತ ಹಾಗಿರುತ್ತಿತ್ತು. ಬ್ರಹ್ಮಾವರದ ಪುಟ್ಟ ಪ್ರಯೋಗಾಲಯದಲ್ಲಿ ಅವರ ಬಳಿ ಸಂಶೋಧನೆಗೆ ಸೇರಿದ ಮೊದಲ ದಿನ, ಅವರಿಗೆ ನಿದ್ದೆ ಬಂದಿದೆ ಎಂದೇ ತಿಳಿದೆ. “ನಿದ್ರಿ ಅಲ್ಲ ಮಾರಾಯ್ತಿ, ಅದ್ ಕರ್ಗೂಕೆ ಕಾಯ್ತಾ ಇದ್ದೆ” ಎಂದರು, ಕಣ್ಣು ತೆರೆಯದೆ.

ಅದು ಎಂದರೆ ಆ್ಯಂಟಿಬಾಡಿ. ಜೀವಕೋಶದೊಳಗೆ ‘ಬೆಳೆ’ ಎಂಬ ಸಂದೇಶವನ್ನು ಸಾಗಿಸುವ ಪ್ರೋಟೀನೊಂದಿದೆ; ಸಾವಿರಾರು ಪ್ರೋಟೀನುಗಳ ನಡುವೆ ಅದೊಂದನ್ನೇ ಹುಡುಕಿ ಹಿಡಿಯುವಂಥದ್ದು ಈ ಆ್ಯಂಟಿಬಾಡಿ. ಹೊರದೇಶದಿಂದ ಬರುವ ಶೀಶೆಯಲ್ಲಿ ಕಣ್ಣೀರಿನ ಒಂದೆರಡು ಹನಿಯಷ್ಟು ಇರುತ್ತಿತ್ತು. ಶೀಶೆ ಬಂದ ದಿನವೇ ಮೇಡಂ ಅದನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ ಫ್ರೀಜರಿನಲ್ಲಿಡುತ್ತಿದ್ದರು. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ಮೇಡಂ ನಾವುಂದದ ಮೀನುಗಾರರ ಮನೆಯವರು. “ಐಸಿನ್ ಮೀನ್ ಬಿಸ್ಲಿಗ್ ತಂದ್ ಮತ್ತೆ ಐಸಿಗ್ ಹಾಕ್ರೆ ಎಂತ ಆತ್ತ್? ಇದೂ ಹಾಂಗೇ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೋಶಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು, ನೀರಿನಡಿಯ ಊರಿನಲ್ಲಿ ದೀಪ ಹಚ್ಚಿದ ಹಾಗೆ. ಆ್ಯಂಟಿಬಾಡಿ ಹಿಡಿದಲ್ಲಿ ಮಾತ್ರ ಹೊಳೆಯಬೇಕಾದ ಬಣ್ಣ ಅದು. ಎರಡು ವರ್ಷ ಕಾದ ಬೆಳಕು. ನನಗೆ ಅಳುವೇ ಬಂತು.

ಮೇಡಂ ಬಹಳ ಹೊತ್ತು ನೋಡಿದರು. “ಚಂದ ಇತ್ತ್” ಎಂದರು. ಆಮೇಲೆ ಮೆಲ್ಲಗೆ, “ಆ್ಯಂಟಿಬಾಡಿ ಹಾಕ್ದೆ ಬರೀ ಬಣ್ಣ ಹಾಕಿದ್ ಗಾಜ್ ಇತ್ತಲೆ, ಅದನ್ನೂ ಕಾಂಬ.”

ಅದನ್ನಿಟ್ಟೆ. ಅದೂ ಅಷ್ಟೇ ಹಸಿರು. ಬಣ್ಣ ಕಂಡಕಂಡಲ್ಲಿ ಅಂಟಿಕೊಂಡಿತ್ತು. ನಾನು ನೋಡಿದ್ದು ನಮ್ಮ ಪ್ರೋಟೀನನ್ನಲ್ಲ.

“ಇನ್ನೆಂತ ಮಾಡೂದ್ ಮೇಡಂ?”

“ಇನ್ನೊಂದ್ ಕೊಳವೆ ತೆಗುದ್. ಇವತ್ತಲ್ಲ, ನಾಳೆ. ಇವತ್ ಮನೆಗ್ ಹೋಯ್ ಉಂಡ್ ಮನಿಕೋ.”

ಅಂದು ಅವರೂ ನನ್ನ ಜೊತೆ ಬಾರ್ಕೂರಿನ ಬಸ್ಸು ಹತ್ತಿದರು. ನಮ್ಮ ಮನೆಯ ತನಕ ಬಂದು, ಅಮ್ಮ ಕೊಟ್ಟ ಚಾ ಕುಡಿದು ಹಿಂದಿರುಗಿದರು.

ಬಣ್ಣವನ್ನು ತೆಳ್ಳಗೆ ಮಾಡಿ, ತೊಳೆಯುವುದನ್ನು ಹೆಚ್ಚಿಸಿ, ಮತ್ತೆ ಮತ್ತೆ ಮಾಡಿದೆವು. ಅದು ಸರಿಯಾಗುವ ಹೊತ್ತಿಗೆ ಮೇಡಂ ಪ್ರಯೋಗಾಲಯಕ್ಕೆ ಬರುತ್ತಿರಲಿಲ್ಲ. ಅವರ ಹೊಟ್ಟೆಯಲ್ಲೇ ಕ್ಯಾನ್ಸರಿನ ಕೋಶಗಳು ‘ಬೆಳೆ’ ಎಂಬ ಮಾತನ್ನು ನಿಲ್ಲಿಸದೆ ಕೇಳುತ್ತಿದ್ದವು.

ನಾವುಂದಕ್ಕೆ ಹೋಗಿ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಒಂದರಲ್ಲಿ ಕೋಶಗಳ ಅಂಚಿಗೆ ಮಾತ್ರ ತೆಳು ಹಸಿರು. ಆ್ಯಂಟಿಬಾಡಿ ಹಾಕದ ಇನ್ನೊಂದು ಪೂರ್ತಿ ಕಪ್ಪು. ಅವರು ಕಪ್ಪು ಚಿತ್ರವನ್ನೇ ಹೆಚ್ಚು ಹೊತ್ತು ನೋಡಿದರು. “ಈಗ ನಂಬ್ಲಕ್ಕ್” ಎಂದರು.

ಕಡಲ ಕಡೆ ಹೋಗೋಣವೆಂದರು. ಕೈಹಿಡಿದು ಕರೆದೊಯ್ದೆ. ಬೆಳ್ಳನೆಯ ಬಿಸಿಲಿನಲ್ಲಿ ನೀರು, ಆಕಾಶ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಮರಳಿನ ಮೇಲೆ ಕೂತು, ನನ್ನ ಮುಂದಿನ ಕೆಲಸ ಏನೆಂದು ಕೇಳಿದರು. ಹೇಳುತ್ತಾ ಹೋದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ನೀ ಹೋಗ್, ಬಸ್ ತಪ್ಪತ್ತ್. ನಾನ್ ಇಲ್ಲೇ ಒಂಚೂರ್ ಕೂಕಂತೆ.”

ಎದ್ದು ಬಂದೆ. ಅದೇ ವಾರ ಅವರು ಹೋದರು. ಆ ಬಸ್ಸು ತಪ್ಪಿದ್ದರೆ ಏನೂ ಆಗುತ್ತಿರಲಿಲ್ಲ, ಇನ್ನೊಂದು ಬರುತ್ತಿತ್ತು.